ಚಿತ್ತಿಲ್ಲದ ಪುಟಕ್ಕೆ ಬೀಡಿ ಇಲ್ಲ

ಪೊಡಿಯಬ್ಬ ಬ್ಯಾರಿಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ನನ್ನ ಬರವಣಿಗೆಯನ್ನು ಅವರಷ್ಟು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದವರು ಇನ್ನೊಬ್ಬರಿಲ್ಲ. ನಾನು ಕೊಟ್ಟ ಹಾಳೆಯನ್ನು ಮೊದಲು ಮೂಗಿನ ಹತ್ತಿರ ಹಿಡಿದು ಶಾಯಿ ಹೊಸದೋ ಹಳೆಯದೋ ಎಂದು ನೋಡುವರು. ಆಮೇಲೆ ಅಂಗಡಿಯಿಂದ ಹೊರಗೆ ಕತ್ತು ಚಾಚಿ, ಹಾಳೆಯನ್ನು ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಇಳಿಯುವರು. ಎಷ್ಟೋ ಸಲ ಹಾಳೆ ತಲೆಕೆಳಗಾಗಿರುತ್ತಿತ್ತು. ಅದರಿಂದ ಅವರ ತೀರ್ಪಿಗೆ ಏನೂ ಬಾಧೆ ಬರುತ್ತಿರಲಿಲ್ಲ. “ಇದು ಆಗುದಿಲ್ಲ ಮಾಷ್ಟ್ರೆ” ಎಂದು ಹಾಳೆಯನ್ನು ಹಿಂದೆ ಕೊಟ್ಟರೆ ಮುಗಿಯಿತು. ಮನೆಗೆ ಹೋಗಿ ಓದಿ ನೋಡಿದರೆ ಅದು ನಿಜಕ್ಕೂ ಆಗದ್ದೇ ಆಗಿರುತ್ತಿತ್ತು.

ಕಡಬದ ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿ, ಗೋಳಿಮರದ ಬುಡದಲ್ಲಿ ಅವರ ಗೂಡಂಗಡಿ. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಸುಳ್ಯದ ಕಡೆಯವನಾದ ನಾನು ಆ ಪೇಟೆಯಿಂದ ಒಂದೂವರೆ ಮೈಲು ಆಚೆಗಿನ ಶಾಲೆಗೆ ಮಾಷ್ಟ್ರಾಗಿ ಬಂದೆ. ಬಸ್ಸಿನಿಂದ ಇಳಿದಾಗ ಮೊದಲು ಕಣ್ಣಿಗೆ ಬಿದ್ದವರೇ ಪೊಡಿಯಬ್ಬ. ಬೀಳದೆ ಇರುವ ಹಾಗಿರಲಿಲ್ಲ, ಆ ಗೂಡಂಗಡಿಯ ಮುಕ್ಕಾಲು ಭಾಗ ಅವರೇ ಇದ್ದರು. ಉಳಿದ ಜಾಗದಲ್ಲಿ ಗೋಲಿ ಸೋಡ, ವೀಳ್ಯದೆಲೆ, ತೂಗುಹಾಕಿದ ಕದಳಿ ಬಾಳೆಗೊನೆ, ಮತ್ತು ಅವರ ಹೆಂಡತಿ ಬೀಪಾತುಮ್ಮ, ಇಬ್ಬರು ನಾದಿನಿಯರು ಮನೆಯಲ್ಲಿ ಕೂತು ಕಟ್ಟಿದ ಬೀಡಿ. ಚೌಕುಳಿ ಮುಂಡು, ಅದರ ಮೇಲೆ ಸೊಂಟಕ್ಕೆ ಅಗಲವಾದ ಹಸುರು ಪಟ್ಟಿ, ತಲೆಗೆ ಬಿಳಿ ಟೋಪಿ. ನಕ್ಕರೆ ಶಬ್ದವೇ ಬರುತ್ತಿರಲಿಲ್ಲ. ಹೊಟ್ಟೆ ಮಾತ್ರ ಕುಲುಕುತ್ತಿತ್ತು, ಅದರ ಜೊತೆಗೆ ಸೋಡದ ಬಾಟ್ಲಿಗಳೂ ಕಿಣಿಕಿಣಿ ಎನ್ನುತ್ತಿದ್ದವು.

ಅವರು ವ್ಯಾಪಾರ ಮಾಡುತ್ತಿದ್ದ ರೀತಿಯೇ ಬೇರೆ. ಕೊಡುವುದಕ್ಕಿಂತ ಕೊಡುವುದಿಲ್ಲ ಎನ್ನುವುದೇ ಹೆಚ್ಚು. ಬಾಳೆಹಣ್ಣಿಗೆ ಕೈ ಹಾಕಿದರೆ, “ಅದು ನಾಳೆದು, ಇವತ್ತು ಮುಟ್ಬೇಡಿ” ಎನ್ನುವರು. ಕೆಮ್ಮುತ್ತ ಬಂದವನಿಗೆ ಶರಬತ್ತು ಇಲ್ಲ. ಒಮ್ಮೆ ಸರ್ವೆಯವರೊಬ್ಬರು ಗುಡ್ಡ ಹತ್ತಿ ಇಳಿದು, ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಬಂದು ಸೋಡ ಕೇಳಿದರು.

“ಕೂತ್ಕೊಳ್ಳಿ. ಬೆವರು ಆರ್ಲಿ.”

“ನಾನು ದುಡ್ಡು ಕೊಡುವವನು ಮಾರಾಯ.”

“ದುಡ್ಡಿಗೆ ಬೆವರು ಇಲ್ಲ, ನಿಮಗೆ ಉಂಟು. ಕೂತ್ಕೊಳ್ಳಿ.”

ಆ ಮನುಷ್ಯ ಬೈದರು, ಸುತ್ತ ನೋಡಿದರು, ಕೊನೆಗೆ ಕಲ್ಲಿನ ಮೇಲೆ ಕೂತರು. ಹತ್ತು ನಿಮಿಷದ ಮೇಲೆ ಸೋಡ ಸಿಕ್ಕಿತು. ಈ ಸ್ವಭಾವದಿಂದ ನಷ್ಟವಾಗುವುದಿಲ್ಲವೇ ಎಂದು ನಾನೇ ಕೇಳಿದ್ದೇನೆ. “ಮಾರುದು ಎಲ್ಲರಿಗೂ ಬರ್ತದೆ ಮಾಷ್ಟ್ರೆ. ಯಾರಿಗೆ ಮಾರಬಾರದು ಅಂತ ಗೊತ್ತಾಗ್ಲಿಕ್ಕೆ ಇಪ್ಪತ್ತು ವರ್ಷ ಬೇಕು” ಎಂದಿದ್ದರು. ಆ ವಿದ್ಯೆಯನ್ನು ಮುಂದೆ ನನ್ನ ಮೇಲೆಯೇ ಪ್ರಯೋಗಿಸುತ್ತಾರೆಂದು ಆಗ ನನಗೆ ತಿಳಿದಿರಲಿಲ್ಲ.

ನನ್ನ ತಮ್ಮ ಕುಶಾಲಪ್ಪ ಪುತ್ತೂರಿನಿಂದ ಕಡಬಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಶಾಲೆಯ ಹತ್ತಿರದ ನನ್ನ ಬಾಡಿಗೆ ಕೋಣೆಯಲ್ಲೇ ಇಬ್ಬರ ಬಿಡಾರ. ಆ ಕಾಲದಲ್ಲಿ ನಾನು ನಗೆಯ ಕತೆಗಳನ್ನು ಬರೆಯುತ್ತಿದ್ದೆ. ಮಂಗಳೂರಿನ ಒಂದು ವಾರಪತ್ರಿಕೆ ಅಪರೂಪಕ್ಕೊಮ್ಮೆ ಹಾಕಿಕೊಳ್ಳುತ್ತಿತ್ತು. ಬರೆದದ್ದನ್ನೆಲ್ಲ ಮೊದಲು ಕೇಳುವವನು ಕುಶಾಲ. ಅವನು ನಕ್ಕರೆ ಕತೆ ಉಳಿಯಿತು, ಆಕಳಿಸಿದರೆ ಒಲೆಗೆ ಹೋಯಿತು. ಉಳಿದ ಕತೆಯನ್ನು ಅವನು ಮರುದಿನವೇ ಬಸ್ಸಿಗೆ ಹತ್ತಿಸುತ್ತಿದ್ದ. ಕಡಬದಲ್ಲಿ ಬಸ್ಸು ಹದಿನೈದು ನಿಮಿಷ ನಿಲ್ಲುವುದು. ಆ ಹೊತ್ತಿನಲ್ಲಿ ಪೊಡಿಯಬ್ಬರ ಅಂಗಡಿಯ ಎದುರಿನ ಕಲ್ಲಿನ ಮೇಲೆ ನಿಂತು, ಟಿಕೆಟ್ ಚೀಲ ಬೆನ್ನಿಗೆ ತಳ್ಳಿ, ಕಿವಿಯಲ್ಲಿ ತುಂಡು ಪೆನ್ಸಿಲ್ ಸಿಕ್ಕಿಸಿಕೊಂಡು, ಕತೆಯನ್ನು ಕಂತು ಕಂತಾಗಿ ಹೇಳುವನು. ಡ್ರೈವರು ಹಾರನ್ ಹೊಡೆದರೆ ಅಂದಿನ ಕಂತು ಮುಗಿಯಿತು.

ಕೊನೆಗೆ ಅವನು ಹೇಳುತ್ತಿದ್ದದ್ದು ಒಬ್ಬ ಪಟೇಲರ ಗಡಿಯಾರದ ಕತೆ. ಊರಿಗೆಲ್ಲ ಇದ್ದದ್ದು ಅವರ ಮನೆಯ ಗೋಡೆ ಗಡಿಯಾರ ಒಂದೇ. ಅದು ಕೆಟ್ಟು ನಿಂತರೂ ಪಟೇಲರು ಯಾರಿಗೂ ಹೇಳದೆ, ಕೇಳಿದವರಿಗೆಲ್ಲ ಬಾಯಿಗೆ ಬಂದ ಗಂಟೆ ಹೇಳುತ್ತ ದಿನ ದೂಡುತ್ತಾರೆ. ಕಡೆಗೆ ಅದನ್ನು ಗೋಣಿಯಲ್ಲಿ ಕಟ್ಟಿ, ಹಲಸಿನ ಹಣ್ಣು ಎಂದು ಸುಳ್ಳು ಹೇಳಿ, ರಿಪೇರಿಗೆ ಬಸ್ಸಿನಲ್ಲಿ ಪುತ್ತೂರಿಗೆ ಒಯ್ಯುತ್ತಾರೆ. ದಾರಿಯ ಕುಲುಕಾಟಕ್ಕೆ ಗಡಿಯಾರ ತನ್ನಷ್ಟಕ್ಕೆ ಸರಿಯಾಗಿ, ತುಂಬಿದ ಬಸ್ಸಿನಲ್ಲಿ ಗೋಣಿಯೊಳಗಿಂದ ಢಣ್ ಢಣ್ ಎಂದು ಹೊಡೆಯತೊಡಗುತ್ತದೆ. ನಾನು ಬರೆದಿದ್ದದ್ದು ಅಲ್ಲಿಯವರೆಗೆ. ಮುಂದೇನೆಂದು ನನಗೂ ಹೊಳೆದಿರಲಿಲ್ಲ.

ಹೊಳೆಯುವ ಮೊದಲೇ ಕುಶಾಲನಿಗೆ ವಿಷಮಶೀತ ಜ್ವರ ಬಂತು. ಹದಿನೆಂಟನೆಯ ದಿನ ಹೋಗಿಬಿಟ್ಟ. ಇಪ್ಪತ್ತಮೂರು ವರ್ಷ. ಅದನ್ನು ಹೆಚ್ಚು ಬರೆಯಲಾರೆ. ಮನೆಯಲ್ಲಿ ಅಮ್ಮ ಅತ್ತರು, ನಾನು ಅಳಲೂ ಇಲ್ಲ. ಕೆಲಸಕ್ಕೆ ಮರಳಿ ಬಂದೆ, ಪಾಠ ಮಾಡಿದೆ, ಆದರೆ ಬರೆಯುವುದು ನಿಂತಿತು. ಯಾರಿಗೆಂದು ಬರೆಯುವುದು? ಕುಡಿಕೆಯಲ್ಲಿ ಶಾಯಿ ಒಣಗಿ ತಳ ಹಿಡಿಯಿತು. ಗಂಜಿ ಬೇಯಿಸಲು ಉದಾಸೀನ, ಚಾ ಕುಡಿದರೆ ಊಟವಾಯಿತು. ಶಾಲೆಯ ಗಂಟೆ ಕೇಳಿದ ಮೇಲೆ ಏಳುತ್ತಿದ್ದೆ. ಬೀಡಿ ದಿನಕ್ಕೆ ಒಂದು ಕಟ್ಟು ಸಾಲದಾಯಿತು. ಪುತ್ತೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಹೀಗೇ ಎಳೆಯುತ್ತಿದ್ದರೆ ನಿಮ್ಮ ತಮ್ಮನ ಹಿಂದೆಯೇ ಹೋಗುತ್ತೀರಿ” ಎಂದರು. ಹೋದರೇನು ಎಂದು ಅನಿಸಿತೇ ಹೊರತು ಹೆದರಿಕೆ ಆಗಲಿಲ್ಲ.

ಹೀಗೆ ಒಂಬತ್ತು ತಿಂಗಳು ಕಳೆದ ಮೇಲೆ ಒಂದು ಸಂಜೆ ಅಂಗಡಿಗೆ ಹೋಗಿ ಎಂದಿನಂತೆ ಒಂದು ಕಟ್ಟು ಬೀಡಿ ಕೇಳಿದೆ. ಪೊಡಿಯಬ್ಬ ಬೀಡಿಯ ತಟ್ಟೆಯ ಮೇಲೆ ಅಗಲವಾದ ಅಂಗೈ ಇಟ್ಟರು.

“ಆ ಗಡಿಯಾರ ಗೋಣಿಯೊಳಗೆ ಹೊಡೀಲಿಕ್ಕೆ ಶುರು ಮಾಡಿತ್ತಲ್ಲ ಮಾಷ್ಟ್ರೆ. ಮತ್ತೆ ಎಂತ ಆಯ್ತು?”

ನನಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಬಂತು. “ಹೇಳುವವನೇ ಹೋದನಲ್ಲ ಬ್ಯಾರಿಗಳೇ.”

“ಹೇಳುವವರು ಹೋದ್ರು. ಬರೆಯುವವರು ಇದ್ದಾರಲ್ಲ. ಆ ಪಟೇಲರು ಪಾಪ ಒಂಬತ್ತು ತಿಂಗಳಿಂದ ಬಸ್ಸಿನಲ್ಲೇ ಕೂತಿದ್ದಾರೆ. ಅವರನ್ನು ಇಳಿಸ್ಬೇಕಾ ಬೇಡ್ವಾ?”

“ಬೀಡಿ ಕೊಡಿ.”

“ಒಂದು ಪುಟ ಬರ್ದು ತನ್ನಿ, ಒಂದು ಬೀಡಿ ತಕೊಂಡು ಹೋಗಿ. ಪುಟ ಇಲ್ಲದಿದ್ರೆ ಬೀಡಿ ಇಲ್ಲ.”

ಊರಲ್ಲಿ ಅವರದೊಂದೇ ಅಂಗಡಿಯೇ ಎಂದು ದುಸುಮುಸು ಮಾಡುತ್ತ ಆಚೆ ಅಂಗಡಿಗೆ ಹೋದೆ. ಅಲ್ಲಿದ್ದವನು ಅಡ್ಡ ತಲೆ ಆಡಿಸಿದ. “ಬ್ಯಾರಿಗಳು ಹೇಳಿ ಆಗಿದೆ ಮಾಷ್ಟ್ರೆ. ನಿಮಗೆ ಕೊಟ್ರೆ ನಮಗೆ ಬೀಡಿ ಬರುದು ನಿಲ್ತದೆ.” ಶಾಲೆಯ ಹತ್ತಿರದ ಅಂಗಡಿಯಲ್ಲೂ ಅದೇ ಮಾತು. ಆ ಸುತ್ತಿಗೆಲ್ಲ ಬೀಡಿ ಹೋಗುತ್ತಿದ್ದದ್ದು ಬೀಪಾತುಮ್ಮನವರ ಕೈಯಿಂದಲೇ ಎಂಬುದು ನನಗೆ ಆ ದಿನ ಗೊತ್ತಾಯಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಬೀಡಿ ಇಲ್ಲದೆ ಇರಲಾಗಲಿಲ್ಲ. ಓದಲು ಬಾರದವರನ್ನು ಏಮಾರಿಸುವುದು ಎಷ್ಟರ ಮಾತು ಎಂದು, ಶಾಲೆಯ ಹಳೆಯ ವರದಿಯೊಂದನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಒಯ್ದೆ. ಮಕ್ಕಳ ಹಾಜರಿ, ಬಾವಿಯ ಹಗ್ಗ, ಮಾಡಿನ ಒಡೆದ ಹಂಚು, ಎಲ್ಲವೂ ಅದರಲ್ಲಿತ್ತು. ಪೊಡಿಯಬ್ಬ ಮೂಸಿದರು, ಎತ್ತಿ ಹಿಡಿದರು, ಕಣ್ಣು ಮುಚ್ಚಿದರು.

“ಇದರಲ್ಲಿ ಚಿತ್ತು ಎಲ್ಲಿ ಉಂಟು?”

“ಏನು?”

“ಹೊಡ್ದು ಹಾಕಿದ್ದು. ನಿಮ್ಮ ತಮ್ಮ ಹೇಳ್ತಿದ್ರು, ಅಣ್ಣ ಒಂದು ಸಾಲು ಬರೆದ್ರೆ ಎರಡು ಸಾಲು ಚಿತ್ತು ಮಾಡ್ತಾನೆ ಅಂತ. ಇದು ಎಲ್ಲಿಂದಲೋ ಎತ್ತಿ ಇಟ್ಟದ್ದು. ಚಿತ್ತಿಲ್ಲದ ಪುಟಕ್ಕೆ ಬೀಡಿ ಇಲ್ಲ.”

ಸೋತೆನೆಂದು ಒಪ್ಪಿಕೊಳ್ಳುವವನು ನಾನಲ್ಲ. ಮರುದಿನ ವರದಿಯ ಇನ್ನೊಂದು ಪುಟ ನಕಲು ಮಾಡಿ, ಅಲ್ಲಲ್ಲಿ ಒಂದೊಂದು ಶಬ್ದಕ್ಕೆ ಅಡ್ಡಗೆರೆ ಎಳೆದು ಒಯ್ದೆ. ಈ ಸಲ ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯಿತು. ಗೆದ್ದೆ ಎಂದುಕೊಂಡೆ. ಆಗ ಅವರ ಹೊಟ್ಟೆ ಕುಲುಕಿತು, ಬಾಟ್ಲಿಗಳು ಕಿಣಿಗುಟ್ಟಿದವು. “ಎಂತ ಮಾರಾಯ್ರೆ, ಅಳತೆ ಹಿಡಿದು ಬದನೆ ಸಸಿ ನೆಟ್ಟ ಹಾಗೆ ಉಂಟಲ್ಲ. ಇದು ನೆಟ್ಟದ್ದು. ತಾನಾಗಿ ಹುಟ್ಟಿದ್ದಲ್ಲ.”

ಆ ದಿನ ಕೋಣೆಗೆ ಬಂದು ನಿಜವಾಗಿ ಬರೆಯಲು ಕೂತೆ. ಗಡಿಯಾರದ ಕಡೆಗೆ ಮನಸ್ಸು ಹೋಗಲಿಲ್ಲ. ಕಿಟಕಿಯ ದಂಡೆಯಲ್ಲಿ ಕುಶಾಲನ ತುಂಡು ಪೆನ್ಸಿಲ್ ಇತ್ತು, ಅದರ ಬಗ್ಗೆ ಬರೆದೆ. ಹದಿನಾಲ್ಕು ಸಾಲು ಬರೆದು ಒಂಬತ್ತನ್ನು ಹೊಡೆದು ಹಾಕಿದೆ. ಉಳಿದ ಐದು ಸಾಲು ಓದಿಕೊಂಡಾಗ ಒಂಬತ್ತು ತಿಂಗಳು ಬಾರದೆ ಇದ್ದ ಅಳು ಬಂತು. ಅತ್ತು ಮುಗಿಸಿ, ಮುಖ ತೊಳೆದು, ಹಾಳೆ ಹಿಡಿದುಕೊಂಡು ಒಂದೂವರೆ ಮೈಲು ನಡೆದೆ. ಪೊಡಿಯಬ್ಬ ಅದನ್ನು ಮೂಸಲಿಲ್ಲ. ಸ್ವಲ್ಪ ಹೊತ್ತು ನೋಡಿ, ಮಡಚಿ, ನನಗೆ ಕೊಟ್ಟರು. ಅದರಲ್ಲಿ ಏನುಂಟು ಎಂದು ಕೇಳಲೂ ಇಲ್ಲ. ಒಂದು ಬೀಡಿ ಇಟ್ಟರು, ಅದರ ಮೇಲೆ ಎರಡು ಕದಳಿ ಬಾಳೆಹಣ್ಣು ಇಟ್ಟರು. “ಮೊದ್ಲು ಇದು, ಮತ್ತೆ ಅದು” ಎಂದರು.

ಅಲ್ಲಿಂದ ಅವರ ಕಾನೂನುಗಳು ಒಂದೊಂದಾಗಿ ಹೊರಬಂದವು. ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಮೊದಲು ಪುಟ ತರಬೇಕು, ಆಮೇಲೆ ಅವರಿಗೆ ಪುರುಸೊತ್ತಿಲ್ಲ. ಹಾಗಾಗಿ ನಾನು ಐದಕ್ಕೆ ಎದ್ದು ಬರೆಯತೊಡಗಿದೆ. ಹೋಗಿ ಬರುವುದು ಮೂರು ಮೈಲು, ಹಸಿವು ತಾನಾಗಿ ಬಂತು. ಬೀಪಾತುಮ್ಮ ಮಾಡಿದ ಬಿಸಿ ಪತ್ತಿರಿ ಬಾಳೆಎಲೆಯಲ್ಲಿ ಕಟ್ಟಿ ಇಟ್ಟಿರುತ್ತಿದ್ದರು. ಅಕ್ಕಿಯ ತೆಳ್ಳನೆಯ ಆ ರೊಟ್ಟಿಯನ್ನು ತಿನ್ನುತ್ತ ವಾಪಸು ನಡೆಯುತ್ತಿದ್ದೆ. ತಿಂಗಳಾದ ಮೇಲೆ ಒಂದು ಬೀಡಿಗೆ ಎರಡು ಪುಟ ಎಂದರು. ಇದು ಅನ್ಯಾಯ ಎಂದೆ. “ಎಲ್ಲ ಜಾಗೆಯಲ್ಲೂ ಕ್ರಯ ಏರಿದೆ” ಎಂದರು. ಬೀಪಾತುಮ್ಮ ಗಂಡನಿಗೆ ಬೈಯುತ್ತಿದ್ದರಂತೆ, ನಾವು ಕಟ್ಟುದು ನೀವು ಬಿಡಿಸುದು, ಇದು ಎಂಥ ವ್ಯಾಪಾರ ಎಂದು. ಇದನ್ನು ನನಗೆ ಹೇಳಿದ್ದೂ ಪೊಡಿಯಬ್ಬರೇ, ಬಹಳ ಹೆಮ್ಮೆಯಿಂದ.

ಅಷ್ಟರಲ್ಲಿ ಅವರ ಉಪವಾಸದ ತಿಂಗಳು ಬಂತು. ಬೇಸಗೆಯ ಸೆಕೆ. ಅವರು ಸೋಡ, ಶರಬತ್ತುಗಳ ನಡುವೆ ಬಾಯಿ ಒಣಗಿಸಿಕೊಂಡು ಕೂತಿರುವಾಗ ಎದುರಿಗೆ ಕೂತು ಬೀಡಿ ಹಚ್ಚಲು ನನಗೆ ಒಂದು ಥರ ಆಯಿತು.

“ನಾನು ಇರುವಾಗ ಬೇಡ ಅಂತ ಅನಿಸ್ತದಾ ಮಾಷ್ಟ್ರೆ?” ಎಂದರು.

“ಹೌದು.”

“ಹಾಗಾದ್ರೆ ಹಗಲಿಡೀ ನಾನು ಇದ್ದೇನೆ ಅಂತ ತಿಳ್ಕೊಳ್ಳಿ. ನನಗೆ ನೀರಿನ ನೋಂಬು, ನಿಮಗೆ ಹೊಗೆಯ ನೋಂಬು. ಸಂಜೆ ಇಬ್ರೂ ಒಟ್ಟಿಗೆ ಬಿಡುವ.”

ಮೊದಲ ಮೂರು ದಿನ ಶಾಲೆಯ ಮಕ್ಕಳು ಪಟ್ಟ ಪಾಡು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಸುಣ್ಣದಕಡ್ಡಿ ಎಷ್ಟು ಎಸೆದೆನೋ. ಸಂಜೆ ಅಂಗಡಿಯಲ್ಲಿ ಅವರು ಒಂದು ಖರ್ಜೂರ ಬಾಯಿಗಿಟ್ಟು ನೀರು ಕುಡಿಯುವಾಗ ನಾನು ಬೀಡಿ ಹಚ್ಚುವುದು. ಆಮೇಲೆ ಇಬ್ಬರಿಗೂ ಜೀರಿಗೆ ಹಾಕಿದ ಬಿಸಿ ಗಂಜಿ. ಒಂದು ವಾರದಲ್ಲಿ ಗಂಜಿಯ ಮೇಲೆ ಆಸೆ ಹೆಚ್ಚಾಗಿ ಬೀಡಿಯ ಮೇಲೆ ಕಡಿಮೆಯಾಯಿತು. ಈ ನಡುವೆ ಗೋಣಿಯೊಳಗಿನ ಗಡಿಯಾರದ ಕತೆ ಮತ್ತೆ ನಡೆಯತೊಡಗಿತ್ತು. ಇಪ್ಪತ್ತನೆಯ ದಿನವೋ ಏನೋ, ಅಂಗಡಿಯಲ್ಲಿ ಕೂತು ಅದನ್ನೇ ಯೋಚಿಸುತ್ತ ಗಂಜಿ ಕುಡಿದು ಎದ್ದು ಹೊರಟೆ. “ಮಾಷ್ಟ್ರೆ, ನಿಮ್ಮ ಬೀಡಿ” ಎಂದು ಹಿಂದಿನಿಂದ ಕರೆದರು. ಮರೆತಿದ್ದೆ.

ಹಬ್ಬದ ದಿನ ಹೊಸ ಅಂಗಿ ತೊಟ್ಟು, ಅತ್ತರು ಹಚ್ಚಿ ಕೂತಿದ್ದರು. ನಾನು ಹೋದದ್ದೇ ಇಡೀ ಒಂದು ಕಟ್ಟು ಬೀಡಿ ಎದುರಿಗಿಟ್ಟು, “ಪುಟ ಬೇಡ. ಇದು ಹಬ್ಬದ್ದು” ಎಂದರು. ನಾನು ಅದನ್ನು ತಟ್ಟೆಗೆ ಹಿಂದೆ ತಳ್ಳಿ ಒಂದು ಬಾಳೆಹಣ್ಣಿಗೆ ಕೈ ಹಾಕಿದೆ. “ಅದು ನಾಳೆದು” ಎಂದರು. ಎಂದವರು ಹೊಟ್ಟೆ ಕುಲುಕಿಸಿ ನಗತೊಡಗಿದರು, ನಾನೂ ನಕ್ಕೆ. ತಮ್ಮ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು ಎಂದು ಮನೆಗೆ ಬಂದ ಮೇಲೆ ನೆನಪಾಯಿತು.

ಆ ವಾರವೇ ಕತೆ ಮುಗಿಯಿತು. ಅವರ ಅಂಗಡಿಯ ಎದುರಿನ ಕಲ್ಲಿನ ಮೇಲೆ ಕೂತು ಮೊದಲಿನಿಂದ ಕಡೆಯವರೆಗೆ ಓದಿ ಹೇಳಿದೆ. ನನ್ನ ಕತೆಯಲ್ಲಿ ಗೋಣಿಯೊಳಗೆ ಗಡಿಯಾರ ಹೊಡೆದಾಗ ಜನರೆಲ್ಲ ಪಟೇಲರ ಮುಖ ನೋಡುತ್ತಾರೆ. ಪಟೇಲರು ನಾಚಿ ಸತ್ಯ ಹೇಳಿಬಿಡುತ್ತಾರೆ. ಆಗ ಹಿಂದಿನ ಸೀಟಿನವನೊಬ್ಬ, ಗಡಿಯಾರ ಸತ್ತದ್ದು ಊರಿಗೆಲ್ಲ ಗೊತ್ತಿತ್ತು, ನಿಮಗೆ ಬೇಜಾರಾಗಬಾರದೆಂದು ಗಂಟೆ ಕೇಳಲು ಬರುತ್ತಿದ್ದೆವು ಎನ್ನುತ್ತಾನೆ. ಪೊಡಿಯಬ್ಬ ಅಲ್ಲಲ್ಲಿ ನಕ್ಕರು. “ಚಂದ ಉಂಟು. ಪಟೇಲರು ಇಳಿದ್ರು, ಸಮಾಧಾನ ಆಯ್ತು” ಎಂದರು. ಬಸ್ಸು ಬರುವ ರಸ್ತೆಯ ಕಡೆ ನೋಡುತ್ತ ಇನ್ನೇನೋ ಹೇಳಲು ಬಾಯಿ ತೆರೆದವರು ಸೋಡದ ಬಾಟ್ಲಿ ಒರಸತೊಡಗಿದರು. ಕತೆ ಪತ್ರಿಕೆಯಲ್ಲಿ ಬಂತು. ಅದರ ಹಿಂದೆ ಇನ್ನೂ ಬಂದವು.

ಎರಡು ವರ್ಷದ ಮೇಲೆ ನನಗೆ ಸುಳ್ಯಕ್ಕೆ ವರ್ಗವಾಯಿತು. ಮದುವೆಯಾಯಿತು, ಸಂಸಾರವಾಯಿತು. ಐದಕ್ಕೆ ಏಳುವುದೂ, ಎರಡು ಪುಟ ಬರೆಯುವುದೂ, ಮೂರು ಮೈಲು ನಡೆಯುವುದೂ ಹಾಗೆಯೇ ಉಳಿದವು. ನಡೆದು ಹೋಗಿ ತೋರಿಸುವವರಿಲ್ಲದ ಕಾರಣ ಸುಮ್ಮನೆ ಹೋಗಿ ಬರುತ್ತಿದ್ದೆ. ಕಡಬಕ್ಕೆ ವರ್ಷಕ್ಕೊಮ್ಮೆ ಹೋದಾಗ ಹೊಸ ಬರಹದ ಒಂದು ಹಾಳೆ ಜೇಬಿನಲ್ಲಿರುತ್ತಿತ್ತು. ಅವರು ಎತ್ತಿ ಹಿಡಿದು ನೋಡಿ, “ಚಿತ್ತು ಕಡಿಮೆ ಆಗ್ತಾ ಉಂಟಲ್ಲ, ಹುಷಾರು” ಎನ್ನುವರು.

ಕೊನೆಯ ಸಲ ಹೋದಾಗ ಅಂಗಡಿಯಲ್ಲಿ ಅವರ ಅಳಿಯ ಕೂತಿದ್ದ. ಅಂಗಡಿ ದೊಡ್ಡದಾದ ಹಾಗೆ ಕಂಡಿತು, ಪೊಡಿಯಬ್ಬ ಅದರಲ್ಲಿ ಇರಲಿಲ್ಲ. ಮನೆಗೆ ಹೋದೆ. ಕಾಲು ಊದಿ, ದೇಹ ಇಳಿದು, ಮಂಚದಲ್ಲಿ ದಿಂಬಿಗೆ ಒರಗಿದ್ದರು. ಹಾಳೆ ಕೊಟ್ಟೆ. ಎತ್ತಿ ಹಿಡಿಯಲು ಕೈ ಬರಲಿಲ್ಲ, ನಾನೇ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದರು.

“ಇದು ಆಗ್ತದೆ” ಎಂದರು. ಆಮೇಲೆ, “ಒಂದು ಸುಳ್ಳು ಹೇಳಿದ್ದೇನೆ ಮಾಷ್ಟ್ರೆ. ಅದನ್ನು ಇಲ್ಲೇ ಇಳಿಸಿ ಹೋಗುವ ಅಂತ. ಆ ಗಡಿಯಾರದ ಕತೆ ಉಂಟಲ್ಲ, ಅದರ ಕೊನೆ ನನಗೆ ಗೊತ್ತಿತ್ತು.”

“ಹೇಗೆ?”

“ನಿಮ್ಮ ತಮ್ಮ ಹೇಳಿದ್ರು. ಜ್ವರ ಬರುವ ಮುಂಚಿನ ವಾರ. ಜನ ಬಿಡ್ಲಿಲ್ಲ, ಮತ್ತೆ ಎಂತ ಆಯ್ತು, ಮತ್ತೆ ಎಂತ ಆಯ್ತು ಅಂತ. ಅಣ್ಣ ಇನ್ನೂ ಬರ್ದಿಲ್ಲ, ನಾನೇ ಹೇಳಿಬಿಡ್ತೇನೆ, ಅವನಿಗೆ ಹೇಳ್ಬೇಡಿ ಅಂದ್ರು.”

“ಆಗಲೇ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ಆಗ ಹೇಳಿದ್ರೆ ನೀವು ಅದನ್ನೇ ಬರ್ದು ಎರಡು ಬೀಡಿಗೆ ಮುಗಿಸ್ತಿದ್ರಿ. ಮತ್ತೆ ನಿಮ್ಮದು ನೀವು ಬರೆದ ಮೇಲೆ ಹೇಳಿದ್ರೆ ನಿಮಗೆ ಬೇಜಾರು. ಯಾಕಂದ್ರೆ...” ಅವರ ಹೊಟ್ಟೆ ಸ್ವಲ್ಪ ಕುಲುಕಿತು, “ತಮ್ಮಂದೇ ಚಂದ ಇತ್ತು.”

ಹೇಳಿದರು. ಕುಶಾಲನ ಧಾಟಿಯಲ್ಲೇ, ನಡುನಡುವೆ ಉಸಿರು ತೆಗೆದುಕೊಂಡು ಹೇಳಿದರು. ಪಟೇಲರು ಬಸ್ಸಿನಿಂದ ಇಳಿದರೆ ಗಡಿಯಾರ ನಿಲ್ಲುತ್ತದೆ, ಹತ್ತಿದರೆ ನಡೆಯುತ್ತದೆ. ರಿಪೇರಿಯವನು ಕೈಚೆಲ್ಲುತ್ತಾನೆ. ಆಮೇಲೆ ಪಟೇಲರು ದಿನಾ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಪುತ್ತೂರಿಗೆ ಹೋಗಿ ಬರುತ್ತಾರೆ, ಊರಿನವರು ರಸ್ತೆ ಬದಿಯಲ್ಲಿ ನಿಂತು ಗಂಟೆ ಕೇಳಿಕೊಳ್ಳುತ್ತಾರೆ. ಒಂದು ದಿನ ಹೊಸ ಕಂಡಕ್ಟರು ಬಂದು ಗಡಿಯಾರಕ್ಕೂ ಟಿಕೆಟ್ ಕೇಳುತ್ತಾನೆ. “ಇದು ನಿಮ್ಮ ಮನೆಗೆ ಬಂದು ಎಷ್ಟು ವರ್ಷ ಆಯ್ತು?” “ಎಂಟು.” “ಹನ್ನೆರಡು ಆಗ್ಲಿಲ್ಲ ಅಲ್ವಾ? ಹಾಗಾದ್ರೆ ಅರ್ಧ ಟಿಕೆಟ್.”

ಕಂಡಕ್ಟರ್ ಒಬ್ಬನಿಗೆ ಮಾತ್ರ ಹೊಳೆಯುವ ಕೊನೆ ಅದು. ನನ್ನದಕ್ಕಿಂತ ನೂರು ಪಾಲು ಚೆನ್ನಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ತಮ್ಮ ಹೋಗಿ ಎಂಟು ವರ್ಷದ ಮೇಲೆ ಅವನ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ಎಂಥ ಸಂತೋಷವೆಂದು ಹೇಗೆ ಹೇಳಲಿ? ಅವನು ಆ ಕೋಣೆಯೊಳಗೆ ಬಂದು ಹೋದ ಹಾಗಾಯಿತು. ನಾವಿಬ್ಬರೂ ನಕ್ಕೆವು. ಒಳಗಿನಿಂದ ಬೀಪಾತುಮ್ಮ, “ನಗಿಸ್ಬೇಡಿ ಮಾಷ್ಟ್ರೆ, ಉಬ್ಬಸ ಬರ್ತದೆ” ಎಂದರು.

ಆ ಮಳೆಗಾಲದಲ್ಲಿ ಪೊಡಿಯಬ್ಬ ತೀರಿಹೋದರೆಂದು ಕಡಬದ ಬಸ್ಸಿನ ಕಂಡಕ್ಟರೊಬ್ಬ ಹೇಳಿದ. ಮರುದಿನ ಐದಕ್ಕೆ ಎದ್ದು, ಕುಶಾಲನ ಕೊನೆಯನ್ನು ಅವರು ಹೇಳಿದ ಹಾಗೆಯೇ ಬರೆಯಲು ಕೂತೆ. ಎರಡೇ ಪುಟ. ಕೈ ಎಲ್ಲಿಯೂ ನಿಲ್ಲಲಿಲ್ಲ. ಮುಗಿಸಿ ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಒಂದಾದರೂ ಚಿತ್ತಿರಲಿಲ್ಲ. ಪೊಡಿಯಬ್ಬ ಇದ್ದಿದ್ದರೆ ಇದಕ್ಕೆ ಬೀಡಿ ಕೊಡುತ್ತಿರಲಿಲ್ಲ.